ಮೂಗಿನ ಮಾಂಸ: ಕತ್ತರಿಸಿದ ಮೇಲಿನ ಕೆಲಸ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಓದುಗರ ಪುಟದಲ್ಲಿ ಮುಂಬಯಿ ಹತ್ತಿರದ ಡೊಂಬಿವಲಿಯವರೊಬ್ಬರ ಪತ್ರ ಬಂದಿತ್ತು. ಮೂಗಿನಲ್ಲಿ ಬೆಳೆದ ಮಾಂಸಕ್ಕೆ ಎರಡು ಸಲ ಆಪರೇಷನ್ ಆಯಿತು, ಎರಡು ಸಲವೂ ಮತ್ತೆ ಬೆಳೆಯಿತು, ಹಾಗಾಗಿ ಯಾರೂ ಈ ಉಸಾಬರಿಗೆ ಹೋಗಬೇಡಿ ಎಂಬುದು ಅದರ ಸಾರ. ಅವರ ಸಿಟ್ಟು ಅರ್ಥವಾಗುವಂಥದ್ದೇ. ಪತ್ರದಲ್ಲಿ ಖರ್ಚಿನ ಲೆಕ್ಕ ಇತ್ತು, ರಜೆಯ ಲೆಕ್ಕ ಇತ್ತು, ಆಸ್ಪತ್ರೆಯ ಚಹಾದ ಬಗ್ಗೆಯೂ ಒಂದು ಮಾತಿತ್ತು. ಆಪರೇಷನ್ ಆದಮೇಲೆ ಮೂಗು ತೊಳೆದರೇ, ಸ್ಪ್ರೇ ಹಾಕಿದರೇ, ಎಷ್ಟು ತಿಂಗಳು ಹಾಕಿದರು ಎಂಬುದರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಈ ಕಾಯಿಲೆಯಲ್ಲಿ ಅರ್ಧ ಚಿಕಿತ್ಸೆ ಇರುವುದೇ ಅಲ್ಲಿ. ಅದನ್ನು ಬಿಟ್ಟು ಆಪರೇಷನ್ನಿನ ಗೆಲುವು ಸೋಲು ಅಳೆಯುವುದು ಸರಿಯಲ್ಲ ಎನ್ನಿಸಿ ನಾವಿಬ್ಬರು ವೈದ್ಯರು ಈ ಪತ್ರ ಬರೆಯುತ್ತಿದ್ದೇವೆ. ಸ್ವಲ್ಪ ಉದ್ದವಾಗಿದೆ, ಜಾಗ ಮಾಡಿಕೊಡಿ.

ಮೊದಲು ಹೆಸರಿನ ಗೊಂದಲ. ಮರಾಠಿ ನೆರೆಯವರು ‘ನಾಕಾಚಂ ಹಾಡ್ ವಾಢಲಂಯ’ ಅನ್ನುತ್ತಾರೆ. ನಾವು ‘ಮೂಗಿನ ಮೂಳೆ ಬೆಳೆದಿದೆ’, ‘ದುರ್ಮಾಂಸ’ ಅನ್ನುತ್ತೇವೆ. ಈ ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿವೆ. ಎರಡು ಹೊಳ್ಳೆಗಳ ನಡುವಿನ ಗೋಡೆ ಒಂದು ಬದಿಗೆ ವಾಲಿರಬಹುದು. ಅದು ಬೆಳೆದ ಮೂಳೆಯಲ್ಲ, ಸೊಟ್ಟಗಿರುವ ಗೋಡೆ. ನೆಟ್ಟಗೆ ಮಾಡಿದರೆ ಬಹುತೇಕ ಮುಗಿದ ಹಾಗೆ. ಪಕ್ಕದ ಗೋಡೆಯಲ್ಲಿ ಎಲ್ಲರಿಗೂ ಇರುವ ಟರ್ಬಿನೇಟ್ ಎಂಬ ಸುರುಳಿ ಅಲರ್ಜಿಯಿಂದ ಊದಿಕೊಂಡಿರಬಹುದು. ಮೂರನೆಯದು ನಿಜವಾದ ಪಾಲಿಪ್: ಸೈನಸ್ಸಿನ (ಮೂಗಿನ ಸುತ್ತಲ ಮೂಳೆಯೊಳಗಿನ ಗಾಳಿಯ ಕೋಣೆ) ಒಳಪೊರೆ ನೀರು ತುಂಬಿ ಜೋತುಬಿದ್ದ ಗೊಂಚಲು. ಸಂಸ್ಕೃತದ ಹಳೆಯ ವೈದ್ಯಶಾಸ್ತ್ರ ಇದನ್ನು ನಾಸಾರ್ಶ ಎಂದು ಕರೆಯುತ್ತದೆ. ಮೊಬೈಲ್ ಟಾರ್ಚ್ ಬಿಟ್ಟು ಕನ್ನಡಿಯಲ್ಲಿ ನೋಡಿಕೊಂಡು ‘ಮಾಂಸ ಕಾಣುತ್ತಿದೆ’ ಎಂದು ಗಾಬರಿಯಾಗುವವರಲ್ಲಿ ಬಹಳಷ್ಟು ಮಂದಿ ನೋಡುವುದು ತಮ್ಮ ಟರ್ಬಿನೇಟನ್ನೇ. ಅದು ಕೆಂಪಗೆ, ಗಟ್ಟಿಯಾಗಿ ಇರುತ್ತದೆ, ಮುಟ್ಟಿದರೆ ನೋಯುತ್ತದೆ. ಪಾಲಿಪ್ ಹಾಗಲ್ಲ. ಇಲ್ಲಿ ಬೇಸಿಗೆಯಲ್ಲಿ ತಾಡ್‌ಗೋಳ ಎಂದು ಮಾರುವ ತಾಟಿನುಂಗಿನ ತಿರುಳಿನ ಹಾಗೆ ಬೆಳ್ಳಗೆ, ಪಾರದರ್ಶಕವಾಗಿ, ಜಾರುಜಾರಾಗಿ ಇರುತ್ತದೆ. ಸಲಾಕೆಯಿಂದ ಮುಟ್ಟಿದರೆ ಅಲುಗಾಡುತ್ತದೆ, ನೋಯುವುದಿಲ್ಲ, ಸುಲಭಕ್ಕೆ ರಕ್ತ ಬರುವುದಿಲ್ಲ. ಡೊಂಬಿವಲಿಯವರಿಗೆ ಎರಡು ಸಲವೂ ತೆಗೆದದ್ದು ಈ ಮೂರರಲ್ಲಿ ಯಾವುದು ಎಂಬುದೇ ಅವರ ಪತ್ರದಿಂದ ತಿಳಿಯುವುದಿಲ್ಲ.

ಪಾಲಿಪ್ ಇರುವ ದೀರ್ಘಕಾಲದ ಸೈನಸ್ ಕಾಯಿಲೆಗೆ ಒಂದು ಕಾಲದ ಗಡಿ ಇದೆ: 12 ವಾರ. ಮೂಗು ಕಟ್ಟುವುದು ಅಥವಾ ಸಿಂಬಳ ಮುಂದಕ್ಕೋ ಗಂಟಲಿನ ಹಿಂದಕ್ಕೋ ಇಳಿಯುವುದು, ಇವೆರಡರಲ್ಲಿ ಒಂದಾದರೂ ಇರಬೇಕು. ಜೊತೆಗೆ ವಾಸನೆ ತಿಳಿಯದಿರುವುದೋ, ಮುಖ ಭಾರವಾಗುವುದೋ ಇರಬೇಕು. ಇಷ್ಟು 12 ವಾರ ಬಿಡದೆ ಇದ್ದು, ಮೂಗಿನೊಳಗೆ ಹಾಕಿ ನೋಡುವ ದುರ್ಬೀನು (ಎಂಡೋಸ್ಕೋಪ್) ಅಥವಾ ಸೀಟಿ ಸ್ಕ್ಯಾನಿನಲ್ಲೂ ಕಂಡರೆ ಮಾತ್ರ ಆ ಹೆಸರು. ಮಳೆಗಾಲದಲ್ಲಿ ಮೂರು ಸಲ ನೆಗಡಿ ಬಂದು ಮೂರು ಸಲ ಹೋದರೆ ಅದು ಮೂರು ನೆಗಡಿ, ಅಷ್ಟೇ.

ಪಾಲಿಪ್ ಇರುವವರು ಸಾಮಾನ್ಯವಾಗಿ ನೋವು ಎಂದು ಹೇಳುವುದಿಲ್ಲ. ವಾಸನೆ ಹೋಗಿದೆ ಎನ್ನುತ್ತಾರೆ. ನಾಲಗೆಗೆ ಉಪ್ಪು, ಹುಳಿ, ಸಿಹಿ, ಕಹಿ ತಿಳಿಯುತ್ತದೆ, ಖಾರವೂ ಚುರುಗುಟ್ಟುತ್ತದೆ. ಇಂಗಿನ ಒಗ್ಗರಣೆ, ಕೊತ್ತಂಬರಿ ಸೊಪ್ಪು, ಫಿಲ್ಟರ್ ಕಾಫಿ ಮಾತ್ರ ಸಪ್ಪೆ. ಮಾತು ಕೇಳಿಯೂ ಗುರುತಿಸಬಹುದು: ಅನುನಾಸಿಕಗಳು ಸತ್ತುಹೋಗಿ ‘ಮನೆ’ ಎಂದದ್ದು ‘ಬದೆ’ ಎಂದು ಕೇಳುತ್ತದೆ. ರಾತ್ರಿ ಬಾಯಿ ತೆರೆದು ಮಲಗುವುದು, ಗೊರಕೆ, ಬೆಳಿಗ್ಗೆ ಒಣಗಿದ ಗಂಟಲು ಇವೆಲ್ಲ ಹಿಂದೆಯೇ ಬರುತ್ತವೆ. ಮುಂಬಯಿಯಲ್ಲಿ ನಮ್ಮವರು ಬಹಳ ಮಂದಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವುದರಿಂದ ಒಂದು ಮಾತು ಒತ್ತಿ ಹೇಳಬೇಕು. ಸಿಲಿಂಡರಿನ ಗ್ಯಾಸಿಗೆ ತನ್ನದೇ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಎಂದು ಮರ್ಕ್ಯಾಪ್ಟಾನ್ ಎಂಬ ನಾರುವ ವಸ್ತು ಬೆರೆಸಿರುತ್ತಾರೆ. ವಾಸನೆ ಹೋದವನಿಗೆ ಆ ಎಚ್ಚರಿಕೆ ತಲುಪುವುದೇ ಇಲ್ಲ. ಅಂಥವರು ಒಲೆಯ ಹತ್ತಿರ ಗ್ಯಾಸ್ ಡಿಟೆಕ್ಟರ್ ಹಾಕಿಸಲಿ, ಬೆಳಿಗ್ಗೆ ಮೊದಲು ಬಂದು ಬಾಗಿಲು ತೆರೆಯುವ ಕೆಲಸವನ್ನು ಬೇರೆಯವರಿಗೆ ಬಿಡಲಿ.

ಇನ್ನು ‘ಸೈನಸ್ ತಲೆನೋವು’. ಹಣೆ, ಕಣ್ಣಿನ ಸುತ್ತ ಬಡಿದಂತೆ ನೋವು, ಬೆಳಕು ಸದ್ದು ಸಹಿಸದಿರುವುದು, ವಾಕರಿಕೆ, ಕೆಲವು ಗಂಟೆ ಇದ್ದು ಇಳಿಯುವುದು: ಇದು ಬಹುತೇಕ ಮೈಗ್ರೇನ್. ಮೈಗ್ರೇನಿನಲ್ಲೂ ಮೂಗು ಸೋರುವುದುಂಟು, ಅದರಿಂದಲೇ ಮೋಸಹೋಗುವುದು. ಇಂಥವರ ಸ್ಕ್ಯಾನಿನಲ್ಲಿ ಒಂದಿಷ್ಟು ಪೊರೆ ದಪ್ಪಗಿರುವುದು ಕಂಡಿತೆಂದು ಸೈನಸ್ ಆಪರೇಷನ್ ಮಾಡಿದರೆ ತಲೆನೋವು ಎಲ್ಲಿಗೂ ಹೋಗುವುದಿಲ್ಲ. ಆಪರೇಷನ್ನಿಗೆ ಬಂದಿರುವ ಕೆಟ್ಟ ಹೆಸರಿನಲ್ಲಿ ಇದರ ಪಾಲು ದೊಡ್ಡದು.

ಪಾಲಿಪ್ ಸಾಮಾನ್ಯವಾಗಿ ಎರಡೂ ಬದಿ ಬರುವ ಕಾಯಿಲೆ. ಒಂದೇ ಬದಿ ಕಟ್ಟಿದ್ದರೆ ತಡಮಾಡಬಾರದು. ಹದಿಹರೆಯದವರಲ್ಲಿ ಅದು ಕೆನ್ನೆಯ ಸೈನಸ್ಸಿನಲ್ಲಿ ಹುಟ್ಟಿ ಹಿಂದಕ್ಕೆ ಗಂಟಲ ಕಡೆ ಇಳಿದ ಒಂಟಿ ಪಾಲಿಪ್ ಆಗಿರಬಹುದು. ಕೆನ್ನೆಯೊಳಗಿನ ಬುಡ ಸಮೇತ ತೆಗೆದರೆ ಸರಿ, ಮೂಗಿನಲ್ಲಿ ಕಂಡ ಬಾಲವನ್ನಷ್ಟೇ ಎಳೆದರೆ ಮತ್ತೆ ಬರುತ್ತದೆ. ನಡುವಯಸ್ಸಿನವರಲ್ಲಿ ಇನ್ವರ್ಟೆಡ್ ಪ್ಯಾಪಿಲೋಮ ಎಂಬ ಗಡ್ಡೆ ಪಾಲಿಪ್ಪಿನ ವೇಷದಲ್ಲೇ ಇರುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಒಂದೇ ಹೊಳ್ಳೆಯಿಂದ ನಾರುವ ಕೀವು ಬಂದರೆ ಮೇಲಿನ ದವಡೆಯ ಹಲ್ಲು ತೋರಿಸಿ. ರೂಟ್ ಕೆನಾಲ್ ಆದ ಹಲ್ಲಿನ ಬೇರಿನಿಂದ ಕೀವು ಕೆನ್ನೆಯ ಸೈನಸ್ಸಿಗೆ ಏರುವುದು ಅಪರೂಪವಲ್ಲ, ಹಲ್ಲು ಸರಿಯಾಗದೆ ಮೂಗಿಗೆ ಏನು ಮಾಡಿದರೂ ವ್ಯರ್ಥ. ಚಿಕ್ಕ ಮಗುವಾದರೆ ಮೂಗಿನೊಳಗೆ ಮಣಿಯೋ ಕಡಲೆಯೋ ಸ್ಪಂಜಿನ ಚೂರೋ ಇರುತ್ತದೆ. ಊರಿನ ಕೆರೆಯಲ್ಲಿ ಮುಳುಗಿ ಬೆಳೆದವರಿಗೆ ಇನ್ನೊಂದು: ರೈನೋಸ್ಪೊರಿಡಿಯೋಸಿಸ್ ಎಂಬ ಸೋಂಕು. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ಹೆಚ್ಚು. ಸ್ಟ್ರಾಬೆರಿಯಂತೆ ಕೆಂಪಗೆ, ಮೇಲೆಲ್ಲ ಬಿಳಿ ಚುಕ್ಕಿ, ಮುಟ್ಟಿದರೆ ರಕ್ತ. ಇದನ್ನು ತೆಗೆದು ಬುಡವನ್ನು ಸುಡಬೇಕು. ಪಾಲಿಪ್ ಎಂದುಕೊಂಡು ಬರೀ ಕಿತ್ತರೆ ಬೀಜ ಉದುರಿ ಇನ್ನಷ್ಟು ಕಡೆ ಹುಟ್ಟುತ್ತದೆ.

ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ಮೂಗಿನಲ್ಲಿ ಕಪ್ಪು ಹಕ್ಕಳೆ, ಕೆನ್ನೆ ಮರಗಟ್ಟುವುದು, ಕಣ್ಣು ಊದಿ ಎರಡೆರಡು ಕಾಣುವುದು ಇದ್ದರೆ ಅದು ದೀರ್ಘಕಾಲದ ಕಾಯಿಲೆಯಲ್ಲ, ಆ ದಿನವೇ ಆಸ್ಪತ್ರೆಗೆ ಓಡಬೇಕಾದದ್ದು. 2021ರಲ್ಲಿ ಕೊರೊನಾ ಹಿಂದೆಯೇ ಬಂದ ಈ ಮ್ಯೂಕರ್‌ಮೈಕೋಸಿಸ್ (ಕಪ್ಪು ಶಿಲೀಂಧ್ರ) ಮಹಾರಾಷ್ಟ್ರದಲ್ಲಿ ಎಷ್ಟು ಕಣ್ಣು ತೆಗೆಸಿತು ಎಂಬುದನ್ನು ಇಲ್ಲಿನವರಿಗೆ ನೆನಪಿಸಬೇಕಾಗಿಲ್ಲ.

ನಿಜವಾದ ಪಾಲಿಪ್ ಎಂದಾದರೂ ನೇರ ಆಪರೇಷನ್ನಿಗೆ ಹೋಗುವುದಿಲ್ಲ. ಮೊದಲು ಉಪ್ಪುನೀರಿನ ತೊಳೆತ, ಸ್ಟೀರಾಯ್ಡ್ ಸ್ಪ್ರೇ. ತೀರ ಕಟ್ಟಿದ್ದರೆ ಒಂದೆರಡು ವಾರ ಸ್ಟೀರಾಯ್ಡ್ ಮಾತ್ರೆ. ಮಾತ್ರೆ ಕೊಡುವ ಮುನ್ನ ಸಕ್ಕರೆ, ಬಿಪಿ, ಕಣ್ಣಿನ ಒತ್ತಡ, ಹಿಂದೆ ಟಿಬಿ ಆಗಿತ್ತೇ ಎಂದು ಕೇಳಲೇಬೇಕು. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಮಾತ್ರೆಯಲ್ಲಿ ಮೂರು ದಿನಕ್ಕೆ ವಾಸನೆ ಮರಳುತ್ತದೆ, ನಿಲ್ಲಿಸಿದ ಕೆಲವು ವಾರಕ್ಕೆ ಮತ್ತೆ ಹೋಗುತ್ತದೆ. ಆ ಮೂರು ದಿನದ ರುಚಿ ಹತ್ತಿ ಹಳೆಯ ಚೀಟಿ ತೋರಿಸಿ ಔಷಧಿ ಅಂಗಡಿಯಿಂದ ತಾವೇ ತಂದು ನುಂಗುವವರಿದ್ದಾರೆ. ವರ್ಷಕ್ಕೆ ಒಂದೆರಡು ಸಲಕ್ಕಿಂತ ಹೆಚ್ಚು ಬೇಕಾಗುತ್ತಿದೆ ಎಂದರೆ ಆಪರೇಷನ್ನಿನ ಮಾತು ಆಡುವ ಹೊತ್ತು ಬಂದಿದೆ ಎಂದೇ ಅರ್ಥ. ಜೈಲೋಮೆಟಾಜೋಲಿನ್ ಡ್ರಾಪ್ಸ್ ಬೇರೆಯೇ ಬಲೆ: ಹಾಕಿದ ಐದು ನಿಮಿಷಕ್ಕೆ ಮೂಗು ತೆರೆಯುತ್ತದೆ, ಒಂದು ವಾರ ಮೀರಿದರೆ ಮೂಗಿನ ಪೊರೆ ಡ್ರಾಪ್ಸ್ ಇಲ್ಲದೆ ಇಳಿಯುವುದನ್ನೇ ಮರೆಯುತ್ತದೆ. ಜೇಬಿನಲ್ಲಿ ಸದಾ ಆ ಬಾಟಲಿ ಇರುವವರಿಗೆ ಪಾಲಿಪ್ ತೆಗೆದರೂ ಮೂಗು ಕಟ್ಟಿಯೇ ಇರುತ್ತದೆ.

ಆಸ್ತಮಾ ಇದ್ದು, ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ನುಂಗಿದ ಅರ್ಧ ಗಂಟೆಯಿಂದ ಮೂರು ಗಂಟೆಯೊಳಗೆ ಉಸಿರು ಕಟ್ಟುವ ಅಥವಾ ಮೂಗು ಸುರಿಯುವ ಅನುಭವ ಆಗಿದ್ದರೆ ಅದನ್ನು ಮೊದಲ ಮಾತಾಗಿ ಹೇಳಬೇಕು. ಪಾಲಿಪ್, ಆಸ್ತಮಾ, ಆಸ್ಪಿರಿನ್ ಒಗ್ಗದಿರುವುದು ಈ ಮೂರು ಕೂಡಿದರೆ ಸ್ಯಾಮ್ಟರ್ ತ್ರಿಕೂಟ. ಮತ್ತೆ ಮತ್ತೆ ಬೆಳೆಯುವುದರಲ್ಲಿ ಇದೇ ಮುಂದು. ಆಪರೇಷನ್ ಆದ ಸಂಜೆ ನೋವಿಗೆಂದು ಅಂಥದೇ ಇಂಜೆಕ್ಷನ್ ಬಿದ್ದರೆ ಪ್ರಾಣಕ್ಕೇ ಸಂಚಕಾರ.

ಸೀಟಿ ಸ್ಕ್ಯಾನ್ ಯಾವಾಗ ಮಾಡಿಸಬೇಕು ಎಂಬುದರಲ್ಲೂ ತಪ್ಪುಗಳಾಗುತ್ತವೆ. ನೆಗಡಿ ಜೋರಾಗಿದ್ದಾಗ ಮಾಡಿಸಿದರೆ ಯಾರ ಸೈನಸ್ ಆದರೂ ತುಂಬಿದಂತೆ ಕಾಣುತ್ತದೆ. ಕೆಲವು ವಾರ ಔಷಧಿ ನಡೆದು, ನೆಗಡಿ ಇಳಿದ ಮೇಲೆ, 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸೀಳಿನಲ್ಲಿ, ಎದುರಿನಿಂದ, ಮೇಲಿನಿಂದ, ಪಕ್ಕದಿಂದ ಮೂರೂ ನೋಟದಲ್ಲಿ ತೆಗೆಸಬೇಕು. ಸರ್ಜನ್ನರಿಗೆ ಅದೇ ನಕ್ಷೆ. ಹಳೆಯ ಕಾಲದ ಎಕ್ಸ್‌ರೇಯಿಂದ ಪಾಲಿಪ್ಪಿನ ಆಪರೇಷನ್ ತೀರ್ಮಾನಿಸುವುದು ಈಗ ಒಪ್ಪುವ ಮಾತಲ್ಲ. ರಿಪೋರ್ಟಿನಲ್ಲಿ ಲುಂಡ್-ಮೆಕೆ ಅಂಕ ಬರೆದಿದ್ದರೆ ಅದು 24ಕ್ಕೆ. ಹೆಚ್ಚಿದಷ್ಟೂ ಸೈನಸ್‌ಗಳು ಹೆಚ್ಚು ತುಂಬಿವೆ ಎಂದರ್ಥ. ಒಂದೋ ಎರಡೋ ಇದ್ದರೆ ಆರೋಗ್ಯವಂತರಲ್ಲೂ ಇರುತ್ತದೆ, ಅದಕ್ಕೆ ಹೆದರಬೇಡಿ.

ಈಗ ಆಪರೇಷನ್. ಹಿಂದೆ ತುಟಿ ಎತ್ತಿ ಕೆನ್ನೆಯ ಮೂಳೆ ಒಡೆದು ಒಳಗಿನ ಪೊರೆಯನ್ನೆಲ್ಲ ಕೆರೆದು ತೆಗೆಯುತ್ತಿದ್ದರು. ಅದು ಕಾಲ್ಡ್‌ವೆಲ್-ಲುಕ್ ವಿಧಾನ, 1890ರ ದಶಕದ್ದು. ಅಥವಾ ತಂತಿಯ ಕುಣಿಕೆ ಹಾಕಿ ಕಂಡ ಪಾಲಿಪ್ಪನ್ನಷ್ಟೇ ಎಳೆಯುತ್ತಿದ್ದರು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿ ಮೆಸ್ಸರ್‌ಕ್ಲಿಂಗರ್ ಎಂಬ ವೈದ್ಯರು ದುರ್ಬೀನು ಹಿಡಿದು ಕಂಡುಕೊಂಡ ಒಂದು ಸಂಗತಿ ಇದನ್ನೆಲ್ಲ ಬದಲಿಸಿತು. ಸೈನಸ್ಸಿನ ಪೊರೆಯ ಮೇಲೆ ಕಣ್ಣಿಗೆ ಕಾಣದ ಕೂದಲುಗಳು ಲೋಳೆಯನ್ನು ಸದಾ ಗುಡಿಸುತ್ತಿರುತ್ತವೆ, ಮತ್ತು ಗುಡಿಸುವುದು ಯಾವಾಗಲೂ ಹುಟ್ಟಿನಿಂದ ಇರುವ ಕಿಂಡಿಯ ಕಡೆಗೇ. ಕೆಳಗೆ ಬೇರೆ ತೂತು ಕೊರೆದರೂ ಲೋಳೆ ಅದನ್ನು ದಾಟಿ ಮೇಲಿನ ಹಳೆಯ ಕಿಂಡಿಗೇ ಹೋಗುತ್ತದೆ. ಅಂದಮೇಲೆ ಪೊರೆ ಕೆರೆಯುವುದಲ್ಲ, ಅದನ್ನು ಉಳಿಸಿ ಆ ಕಿಂಡಿಯನ್ನೇ ಬಿಡಿಸಬೇಕು. 1985ರಲ್ಲಿ ಅಮೆರಿಕದ ಕೆನಡಿ ಎಂಬ ಸರ್ಜನ್ ಇದಕ್ಕೆ ಕೊಟ್ಟ ‘ಫಂಕ್ಷನಲ್ ಎಂಡೋಸ್ಕೋಪಿಕ್ ಸೈನಸ್ ಸರ್ಜರಿ’ ಎಂಬ ಹೆಸರಿನ ಮೊದಲಕ್ಷರಗಳೇ ಇಂದು ಡಾಕ್ಟರುಗಳು ಹೇಳುವ ‘ಫೆಸ್’.

ಪೂರ್ತಿ ಅರಿವಳಿಕೆ ಕೊಟ್ಟು, ತಲೆಯ ಕಡೆ 15-20 ಡಿಗ್ರಿ ಎತ್ತಿ ಮಲಗಿಸುತ್ತಾರೆ. ಬಿಪಿಯನ್ನು ಸ್ವಲ್ಪ ಇಳಿಸಿಟ್ಟುಕೊಳ್ಳುತ್ತಾರೆ. ಅಡ್ರಿನಲಿನ್‌ನಲ್ಲಿ ಅದ್ದಿದ ಹತ್ತಿಪಟ್ಟಿ ಮೂಗಿನೊಳಗೆ ಇಟ್ಟು ಹತ್ತು ನಿಮಿಷ ಕಾಯಬೇಕು. ಇದರಲ್ಲಿ ಆತುರ ಮಾಡಿದರೆ ಮುಂದೆ ರಕ್ತ ಒರೆಸುವುದೇ ಕೆಲಸವಾಗುತ್ತದೆ, ಕಾಣದ ಕಡೆ ಕೈ ಹೋಗುತ್ತದೆ. 4 ಮಿ.ಮೀ. ದಪ್ಪದ ದುರ್ಬೀನು: ನೇರ ನೋಡುವ 0 ಡಿಗ್ರಿಯದು, ಮೂಲೆ ನೋಡಲು 30, 45, 70 ಡಿಗ್ರಿಯವು. ಪಾಲಿಪ್ಪನ್ನು ಮೈಕ್ರೋಡಿಬ್ರೈಡರ್ ತೆಗೆಯುತ್ತದೆ. ಕೊಳವೆಯೊಳಗೆ ತಿರುಗುವ ಅಲಗು, ಜೊತೆಗೆ ಹೀರುವ ಗಾಳಿ, ಹೀರಿಕೊಂಡದ್ದನ್ನು ಮಾತ್ರ ಕತ್ತರಿಸುತ್ತದೆ. ಪೊರೆ ಹರಿಯುವುದಿಲ್ಲ, ಹಳೆಯ ಇಕ್ಕಳಕ್ಕೂ ಇದಕ್ಕೂ ಅದೇ ವ್ಯತ್ಯಾಸ. ಆಮೇಲೆ ಅನ್ಸಿನೇಟ್ ಎಂಬ ಕುಡುಗೋಲಿನಾಕಾರದ ಮೂಳೆಯೆಸಳು ತೆಗೆದರೆ ಕೆನ್ನೆಯ ಸೈನಸ್ಸಿನ ಕಿಂಡಿ ಕಾಣುತ್ತದೆ, ಅದನ್ನು ಹಿರಿದು ಮಾಡುತ್ತಾರೆ. ಕಣ್ಣುಗಳ ನಡುವಿನ ಜೇನುಗೂಡಿನಂಥ ಎತ್‌ಮಾಯ್ಡ್ ಕೋಣೆಗಳನ್ನು ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ತೆರೆಯುತ್ತಾರೆ. ಪಾಲಿಪ್ಪಿನ ತವರು ಇದೇ. ಆಮೇಲೆ ಹಿಂದಿನ ಸ್ಫೀನಾಯ್ಡ್ ಸೈನಸ್, ಸಾಮಾನ್ಯವಾಗಿ ಕೊನೆಗೆ ಹಣೆಯ ಸೈನಸ್ಸಿನ ದಾರಿ. ಹಣೆಯ ದಾರಿ ಅತಿ ಇಕ್ಕಟ್ಟು, ಕೈ ಪಳಗಿದವರಿಗೂ ಕಷ್ಟ.

ತೆಗೆದ ತುಂಡುಗಳು ಬಯಾಪ್ಸಿಗೆ ಹೋಗಲೇಬೇಕು. ಎಡದ್ದು ಬೇರೆ ಡಬ್ಬಿ, ಬಲದ್ದು ಬೇರೆ. ಒಂದು ಬದಿಯಲ್ಲಿ ಪ್ಯಾಪಿಲೋಮ ಸಿಕ್ಕಿದರೆ ಯಾವ ಬದಿ ಎಂದು ಆಮೇಲೆ ಹುಡುಕುವಂತಾಗಬಾರದು. ಅಂಟಂಟಾದ, ಕಂದು ಮಣ್ಣಿನಂಥ ಲೋಳೆ ಸಿಕ್ಕಿದರೆ ಅದು ಶಿಲೀಂಧ್ರದ ಅಲರ್ಜಿ. ಆ ಅಂಟನ್ನು ಮೂಲೆಮೂಲೆಯಿಂದ ತೊಳೆದು ತೆಗೆಯದೆ ಬಿಟ್ಟರೆ ಪಾಲಿಪ್ ಮರಳಿ ಬರುವುದು ಖಂಡಿತ.

ಅಪಾಯವನ್ನು ಮುಚ್ಚಿಡುವುದು ತರವಲ್ಲ. ಕಣ್ಣಿಗೂ ಸೈನಸ್ಸಿಗೂ ನಡುವಿನ ಗೋಡೆ ಕಾಗದದಷ್ಟು ತೆಳು. ಲ್ಯಾಟಿನ್ ಹೆಸರಿನ ಅರ್ಥವೂ ಕಾಗದದ ಹಾಳೆ ಎಂದೇ. ಮೇಲೆ ಮೆದುಳಿನ ತಳ, ಹಿಂದೆ ದೃಷ್ಟಿನರ ಮತ್ತು ಮೆದುಳಿಗೆ ಹೋಗುವ ದೊಡ್ಡ ರಕ್ತನಾಳ. ದೊಡ್ಡ ಅವಘಡ ನೂರರಲ್ಲಿ ಒಬ್ಬರಿಗೂ ಆಗುವುದಿಲ್ಲ, ಆದರೆ ಆಯಿತೆಂದರೆ ದೊಡ್ಡದೇ. ಆಪರೇಷನ್ ಆದ ಕೆಲವು ಗಂಟೆಯಲ್ಲಿ ಕಣ್ಣು ಬಿಗಿದು ಊದಿದರೆ, ದೃಷ್ಟಿ ಮಂಜಾದರೆ ಬೆಳಗಾಗಲಿ ಎಂದು ಕಾಯಬಾರದು, ಆಗಲೇ ನರ್ಸನ್ನು ಕರೆಯಬೇಕು. ಕೆಲವು ದಿನಗಳ ನಂತರ ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ಟಪಟಪ ತೊಟ್ಟಿಕ್ಕಿ ಬಾಯಿಗೆ ಉಪ್ಪುಪ್ಪಾದರೆ ಅದು ನೆಗಡಿಯಲ್ಲ, ಮೆದುಳಿನ ಸುತ್ತಲ ನೀರು ಸೋರುತ್ತಿರಬಹುದು.

ಹೃದಯದ ಸ್ಟೆಂಟಿಗೆಂದು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ತೆಗೆದುಕೊಳ್ಳುವವರು ಆಪರೇಷನ್ನಿಗೆ ಐದರಿಂದ ಏಳು ದಿನ ಮುಂಚೆ ನಿಲ್ಲಿಸಬೇಕಾಗಬಹುದು. ಹೃದಯದ ಡಾಕ್ಟರನ್ನು ಕೇಳಿಯೇ. ಪಕ್ಕದ ಮನೆಯವರು ಹೇಳಿದರೆಂದು ಅಲ್ಲ.

ಇಷ್ಟೆಲ್ಲ ಆದರೂ ಕಾಯಿಲೆ ಹೋಗಲಿಲ್ಲ, ದಾರಿ ತೆರೆಯಿತು ಅಷ್ಟೇ. ಪಾಲಿಪ್ ಹುಟ್ಟಿಸುವ ಉರಿಯೂತ ಪೊರೆಯಲ್ಲೇ ಇದೆ, ಪೊರೆಯನ್ನು ನಾವು ಉಳಿಸಿದ್ದೇವೆ. ಆಪರೇಷನ್ನಿಗೆ ಮುಂಚೆ ಸ್ಪ್ರೇಯ ಔಷಧಿ ಪಾಲಿಪ್ಪಿಗೆ ಬಡಿದು ಹೊರಗೇ ಹರಿದುಹೋಗುತ್ತಿತ್ತು. ಈಗ ಕೋಣೆಗಳ ಒಳಗೆ ತಲುಪುತ್ತದೆ. ತಲುಪಿಸುವ ಕೆಲಸ ಬಚ್ಚಲಿನಲ್ಲಿ, ರೋಗಿಯ ಕೈಯಲ್ಲಿ.

ತೊಳೆಯುವ ನೀರಿಗೆ ಅಳತೆ ಹೀಗೆ: ಒಂದು ಲೀಟರ್ ನೀರಿಗೆ 9 ಗ್ರಾಂ ಪುಡಿ ಉಪ್ಪು, ಅಂದರೆ ಮಟ್ಟಸ ಒಂದೂವರೆ ಟೀ ಚಮಚ, ಜೊತೆಗೆ ಅರ್ಧ ಚಮಚ ಅಡುಗೆ ಸೋಡಾ. ಅಯೋಡಿನ್ ಇಲ್ಲದ ಉಪ್ಪು ಸಿಕ್ಕಿದರೆ ಒಳ್ಳೆಯದು. ಕಲ್ಲುಪ್ಪನ್ನು ಚಮಚದಲ್ಲಿ ಅಳೆದರೆ ತೂಕ ತಪ್ಪುತ್ತದೆ, ಕಸರೂ ಇರುತ್ತದೆ. ಔಷಧಿ ಅಂಗಡಿಯ ಸಿದ್ಧ ಪುಡಿ ಪೊಟ್ಟಣ ಇನ್ನೂ ಸುಲಭ. ನೀರು ಮಾತ್ರ ಕುದಿಸಿಯೇ ಆಗಬೇಕು: ಕೊತಕೊತ ಕುದಿ ಬಂದಮೇಲೆ ಕನಿಷ್ಠ ಒಂದು ನಿಮಿಷ, ಆಮೇಲೆ ಮುಚ್ಚಿಟ್ಟು ಉಗುರುಬೆಚ್ಚಗೆ ಆರಿಸಿ. ಪಾಲಿಕೆಯ ನೀರಿನಲ್ಲಿ ಕ್ಲೋರಿನ್ ಇದೆಯಲ್ಲ ಎನ್ನಬೇಡಿ. ಅದು ಸೊಸೈಟಿಯ ನೆಲದ ಟಾಕಿ, ಮಾಳಿಗೆಯ ಟಾಕಿ ದಾಟಿ ನಲ್ಲಿಗೆ ಬರುವಷ್ಟರಲ್ಲಿ ಏನಾಗಿದೆಯೋ ಬಲ್ಲವರಾರು. ಆರ್‌ಒ ನೀರೂ ಸಾಲದು, ಕುಡಿಯಲು ಶುದ್ಧ ಎಂದರೆ ಮೂಗಿಗೆ ಶುದ್ಧ ಎಂದಲ್ಲ. ಮೂಗಿನ ಮೂಲಕ ಮೆದುಳು ಸೇರುವ ಅಮೀಬಾ ಕೇರಳದಲ್ಲಿ 2024ರಲ್ಲಿ ಸುದ್ದಿ ಮಾಡಿದ್ದು ಓದುಗರಿಗೆ ಗೊತ್ತಿದೆ. ನುಂಗಿದರೆ ಅದು ಏನೂ ಮಾಡುವುದಿಲ್ಲ. ಮೂಗಿಗೆ ಹೋದರೆ ಮಾತ್ರ ಕೊಲ್ಲುತ್ತದೆ. ಜಲನೇತಿ ಮಾಡುವವರಿಗೂ ಇದೇ ಮಾತು. ನೇತಿಯ ಗಿಂಡಿ ಒಳ್ಳೆಯದೇ, ಆಪರೇಷನ್ ಆದವರಿಗೆ ಮಾತ್ರ ಒತ್ತಿ ಚಿಮ್ಮಿಸುವ 240 ಮಿ.ಲೀ. ಬಾಟಲಿ ಹೆಚ್ಚು ಒಳಗೆ ತಲುಪುತ್ತದೆ.

ಬೇಸಿನ್ನಿನ ಮೇಲೆ ಸೊಂಟದಿಂದ ಬಗ್ಗಿ, ಬಾಯಿ ತೆರೆದು ‘ಆ…’ ಎನ್ನುತ್ತ ಒಂದೊಂದು ಬದಿಗೆ ಅರ್ಧರ್ಧ ಬಾಟಲಿ. ‘ಆ’ ಎನ್ನುವಾಗ ಅಂಗುಳ ಮೇಲೇರಿ ನೀರು ಗಂಟಲಿಗೆ ಇಳಿಯದೆ ಇನ್ನೊಂದು ಹೊಳ್ಳೆಯಿಂದ ಬರುತ್ತದೆ. ಉರಿದರೆ ಉಪ್ಪಿನ ಅಳತೆ ತಪ್ಪಿದೆ. ಹೆಚ್ಚಿನವರು ಕಡಿಮೆ ಹಾಕಿಯೇ ಉರಿಸಿಕೊಳ್ಳುತ್ತಾರೆ. ಮುಗಿದ ಮೇಲೆ ಮೂಗಿನಿಂದ ಜೋರಾಗಿ ಗಾಳಿ ಊದಿ ತೆಗೆದರೆ ನೀರು ಕಿವಿಗೆ ನುಗ್ಗುತ್ತದೆ. ತಲೆ ಬಗ್ಗಿಸಿ ಎಡಕ್ಕೆ ಬಲಕ್ಕೆ ವಾಲಿಸಿ, ತಾನಾಗಿ ಇಳಿಯಲಿ. ಹಾಗೆ ಮಾಡದಿದ್ದರೆ ಅರ್ಧ ಗಂಟೆ ಬಿಟ್ಟು ಲೋಕಲ್ ರೈಲು ಹತ್ತುವಾಗಲೋ ಬೂಟಿನ ಲಾಡಿ ಕಟ್ಟುವಾಗಲೋ ಒಮ್ಮೆಗೇ ಸುರಿದು ಮುಜುಗರವಾಗುತ್ತದೆ. ಮಲಗುವ ಹೊತ್ತಿಗೆ ಸರಿಯಾಗಿ ಬೇಡ, ಒಂದು ಗಂಟೆ ಮುಂಚೆ. ಬಾಟಲಿ ಬಿಸಿನೀರಿನಲ್ಲಿ ತೊಳೆದು ಬೋರಲು ಹಾಕಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಕೆಲವರಿಗೆ ಸರ್ಜನ್ನರು ಇದೇ ನೀರಿಗೆ ಬ್ಯೂಡೆಸೊನೈಡ್ ಎಂಬ ಸ್ಟೀರಾಯ್ಡಿನ 0.5 ಮಿ.ಗ್ರಾಂ. ರೆಸ್ಪ್ಯೂಲ್ (ಪುಟ್ಟ ಪ್ಲಾಸ್ಟಿಕ್ ಸೀಸೆ) ಬೆರೆಸಲು ಹೇಳುತ್ತಾರೆ. ಅದು ಆಸ್ತಮಾದ ನೆಬ್ಯುಲೈಜರ್ ಔಷಧಿಯಲ್ಲವೇ ಎಂದು ಅಂಗಡಿಯವರು ಹೇಳಿದರೆ ಗಾಬರಿ ಬೇಡ, ಔಷಧಿ ಅದೇ, ದಾರಿ ಬೇರೆ.

ಸ್ಪ್ರೇ ಯಾವಾಗಲೂ ತೊಳೆದ ಮೇಲೆ, ಹದಿನೈದು ಇಪ್ಪತ್ತು ನಿಮಿಷ ಬಿಟ್ಟು. ಮೊದಲು ಸ್ಪ್ರೇ, ಆಮೇಲೆ ತೊಳೆತ ಎಂದರೆ ಹಣ ಬಚ್ಚಲಿಗೆ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ: ಆಗ ಸ್ಪ್ರೇಯ ಮೂತಿ ತಾನಾಗಿ ಅದೇ ಬದಿಯ ಕಿವಿಯ ಕಡೆ ತಿರುಗುತ್ತದೆ. ನಡುಗೋಡೆಯ ಮೇಲೆ ಹೊಡೆದರೆ ಅಲ್ಲಿ ಪೊರೆ ಸವೆದು ರಕ್ತ ಬರುತ್ತದೆ, ಸ್ಪ್ರೇ ಆಗುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ತಲೆ ತುಸು ಬಗ್ಗಿರಲಿ, ಸರ್ರನೆ ಎಳೆಯಬೇಡಿ; ಗಂಟಲಿಗೆ ಕಹಿ ಬಂತೆಂದರೆ ಔಷಧಿ ಸೈನಸ್ ದಾಟಿ ಹೊಟ್ಟೆಗೆ ಹೋಯಿತು. ಪಾಲಿಪ್ಪಿಗೆ ಮೊಮೆಟಸೋನ್ ಆದರೆ ಪ್ರತಿ ಹೊಳ್ಳೆಗೆ 50 ಮೈಕ್ರೋಗ್ರಾಮಿನ ಎರಡು ಪಫ್, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ. ಸ್ಟೀರಾಯ್ಡ್ ಎಂಬ ಹೆಸರಿಗೇ ಹೆದರುವವರಿಗೆ: ಇದರಲ್ಲಿ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಎರಡು ವಾರ ಏನೂ ಅನ್ನಿಸುವುದಿಲ್ಲ. ಡ್ರಾಪ್ಸಿನ ಐದು ನಿಮಿಷಕ್ಕೆ ಒಗ್ಗಿದವರು ಮೂರನೆಯ ದಿನವೇ ಬಿಡುತ್ತಾರೆ, ಅಲ್ಲೇ ತಪ್ಪುವುದು.

ಮೊದಲ ತಿಂಗಳ ಕ್ಲೀನಿಂಗ್ ತಪ್ಪಿಸುವುದು ಎರಡನೆಯ ತಪ್ಪು, ಅದು ನಮ್ಮವರಲ್ಲಿ ವಿಶೇಷ. ಇಲ್ಲಿ ಆಪರೇಷನ್ ಮಾಡಿಸಿ, ರಕ್ತ ನಿಲ್ಲಲೆಂದು ಮೂಗಿಗೆ ತುರುಕಿದ ಪ್ಯಾಕ್ ತೆಗೆದ ಮರುದಿನವೇ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ವಿಶ್ರಾಂತಿಗೆ ಹೊರಟುಬಿಡುತ್ತಾರೆ. ಪ್ಯಾಕ್ ತೆಗೆಯುವುದು 24-48 ಗಂಟೆಗೆ. ಹಕ್ಕಳೆ, ಹೆಪ್ಪುಗಟ್ಟಿದ ರಕ್ತ ಕಟ್ಟುವುದು ಆಮೇಲೆ. ಮೊದಲ ವಾರ, ಮತ್ತೆ ಎರಡು ಮೂರನೆಯ ವಾರದಲ್ಲಿ ದುರ್ಬೀನಿನಲ್ಲಿ ಅದನ್ನು ಬಿಡಿಸಿ ತೆಗೆಯದಿದ್ದರೆ ನಡುವಿನ ಟರ್ಬಿನೇಟ್ ಪಕ್ಕದ ಗೋಡೆಗೆ ಅಂಟಿ, ಕಷ್ಟಪಟ್ಟು ತೆರೆದ ಕಿಂಡಿ ಮುಚ್ಚಿಹೋಗುತ್ತದೆ. ಊರಿಗೆ ಒಂದು ತಿಂಗಳು ತಡವಾಗಿ ಹೋಗಿ. ಮೊದಲ ಎರಡು ವಾರ ಮೂಗಿನಿಂದ ಗಾಳಿ ಊದಿ ಸಿಂಬಳ ಬಿಸಾಡುವುದು ಬೇಡ. ಸೀನು ಬಂದರೆ ಬಾಯಿ ತೆರೆದು ಸೀನಿ. ಎರಡು ದಿಂಬು ಇಟ್ಟು ಮಲಗಿ. ಹಿಟ್ಟಿನ ಕೊಳಗ, ಸಿಲಿಂಡರ್ ಎತ್ತುವ ಕೆಲಸ ಬೇಡ, ವಿಮಾನವೂ ಬೇಡ. ಗುಲಾಬಿ ನೀರು ಒಸರುವುದು ಸಹಜ. ಕೆಂಪು ರಕ್ತ ನಿಲ್ಲದೆ ಬಟ್ಟೆ ನೆನೆಸಿದರೆ ಕುಳಿತು ಮುಂದೆ ಬಗ್ಗಿ, ಮೂಗಿನ ಮೆತ್ತನೆಯ ಭಾಗ ಹಿಡಿದು, ಆಸ್ಪತ್ರೆಗೆ ಹೊರಡಿ.

ಎಲ್ಲ ಸರಿಯಾಗಿ ಮಾಡಿದವರಲ್ಲೂ ಕೆಲವರಿಗೆ ಮರಳಿ ಬರುತ್ತದೆ. ಆಸ್ತಮಾ ಇರುವವರಿಗೆ, ಆಸ್ಪಿರಿನ್ ಒಗ್ಗದವರಿಗೆ ಹೆಚ್ಚು. ಅಂಥವರಿಗೆ ಈಗ ಡುಪಿಲುಮ್ಯಾಬ್ ಥರದ ಜೈವಿಕ ಇಂಜೆಕ್ಷನ್ ಇದೆ, 2019ರಲ್ಲಿ ಅಮೆರಿಕದಲ್ಲಿ ಪಾಲಿಪ್ಪಿಗೆ ಒಪ್ಪಿಗೆ ಸಿಕ್ಕಿತು, ಎರಡು ವಾರಕ್ಕೊಂದು. ಬೆಲೆ ಸಂಬಳದವರ ಕೈಗೆ ಎಟುಕುವಂಥದ್ದಲ್ಲ. ‘ಆಪರೇಷನ್ ಇಲ್ಲದೆ ದುರ್ಮಾಂಸ ಉದುರಿಸುತ್ತೇವೆ’ ಎಂದು ಮೂಗಿಗೆ ಸುಡುವ ದ್ರವ ಹಾಕುವವರ ಹತ್ತಿರ ಮಾತ್ರ ಹೋಗಬೇಡಿ. ಪಾಲಿಪ್ ಹುಟ್ಟುವುದು ಆ ಹನಿ ತಲುಪದಷ್ಟು ಮೇಲೆ. ಸುಟ್ಟು ತೂತಾಗುವುದು ನಡುಗೋಡೆ.

ಖರ್ಚಿನ ಮಾತು ಡೊಂಬಿವಲಿಯವರು ಎತ್ತಿದ್ದು ನ್ಯಾಯವೇ. ಪರೇಲಿನ ಕೆಇಎಂ, ಮುಂಬಯಿ ಸೆಂಟ್ರಲಿನ ನಾಯರ್, ಸಯಾನ್, ಜುಹೂವಿನ ಕೂಪರ್ ಈ ಪಾಲಿಕೆ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು ವಿಭಾಗ ಇದೆ, ಬೈಕುಲ್ಲಾದ ಜೆಜೆ ಸರಕಾರದ್ದು. ಕೇಸ್ ಪೇಪರ್ ಮಾಡಿಸಲು ಬೆಳಿಗ್ಗೆ ಬೇಗ ಹೋಗಬೇಕು, ಸರದಿ ಉದ್ದ. ಮಹಾತ್ಮಾ ಜ್ಯೋತಿಬಾ ಫುಲೆ ಜನಆರೋಗ್ಯ ಯೋಜನೆಯಲ್ಲಿ ನಿಮ್ಮ ಆಪರೇಷನ್ ಆ ಆಸ್ಪತ್ರೆಯ ಪಟ್ಟಿಯಲ್ಲಿದೆಯೇ ಎಂದು ಭರ್ತಿಯಾಗುವ ಮುನ್ನವೇ ಅಲ್ಲಿರುವ ಯೋಜನೆಯ ಸಹಾಯಕರನ್ನು, ಅಂದರೆ ಆರೋಗ್ಯಮಿತ್ರರನ್ನು, ಕೇಳಿ. ಆಮೇಲೆ ಕೇಳಿದರೆ ಕಾಗದ ಹೊಂದುವುದಿಲ್ಲ.

ಡೊಂಬಿವಲಿಯ ಓದುಗರು ಮೂರನೆಯ ಅಭಿಪ್ರಾಯಕ್ಕೆ ಹೋಗುವುದಾದರೆ ನಾಲ್ಕು ಕಾಗದ ಜೊತೆಗೆ ಒಯ್ಯಲಿ. ಎರಡೂ ಸಲದ ಆಪರೇಷನ್ ನೋಟು ಬೇಕು. ಡಿಸ್ಚಾರ್ಜ್ ಕಾರ್ಡಿನ ಒಂದು ಸಾಲು ಸಾಲದು, ಯಾವ ಸೈನಸ್ ತೆರೆದರು ಎಂದು ಬರೆದಿರುವ ನೋಟೇ ಆಗಬೇಕು. ಕೇಳಿದರೆ ಆಸ್ಪತ್ರೆಯವರು ಕೊಡಲೇಬೇಕು. ಬಯಾಪ್ಸಿ ರಿಪೋರ್ಟ್. ಮೊದಲ ಸೀಟಿಯ ಸೀಡಿ. ಮತ್ತೆ ಒಂದು ಚೀಟಿ: ಯಾವ ಸ್ಪ್ರೇ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾವ ಕೈಯಲ್ಲಿ ಹಾಕುತ್ತಿದ್ದರು ಎಂದು.

ಇತಿ,
ಇಬ್ಬರು ಕಿವಿ-ಮೂಗು-ಗಂಟಲು ವೈದ್ಯರು
ಮಾಟುಂಗಾ, ಮುಂಬಯಿ